ಮೂವತ್ತು ನಿಮಿಷದ ಕಬಡ್ಡಿಗೆ ಒಂದು ವರ್ಷ

ಹಾಸನ ಜಿಲ್ಲೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂಬ ಷರತ್ತಿನ ಮೇಲೆ ಪತ್ರ ಬರೆದಿದ್ದಾರೆ. ಮಗಳು 9ನೇ ತರಗತಿ, ಹಳ್ಳಿಯ ಪ್ರೌಢಶಾಲೆ, ಕಬಡ್ಡಿ ತಂಡದಲ್ಲಿದ್ದಾಳೆ. ಶಾಲೆ ಶುರುವಾದ ಮೇಲೆ ದಿನಾ ಸಂಜೆ ಮಣ್ಣು ಮೆತ್ತಿಕೊಂಡು ಮನೆಗೆ ಬರುತ್ತಿದ್ದಳಂತೆ. ಹೋಬಳಿ ಕ್ರೀಡಾಕೂಟದ ಮೊದಲ ಪಂದ್ಯದಲ್ಲೇ ಒಂದು ವಸತಿ ಶಾಲೆಯ ತಂಡದ ಎದುರು ಸೋತರು. ಆ ತಂಡ ಮೋಸ ಮಾಡಿತು ಅನ್ನುವುದು ಇವರ ದೂರು. ಅಲ್ಲಿಂದಾಚೆಗೆ ಅಭ್ಯಾಸವಿಲ್ಲ, ಆಟದ ಪೀರಿಯಡ್ ಗಣಿತಕ್ಕೆ ಹೋಯಿತು. ಅವರ ಪ್ರಶ್ನೆಗಳು ಮೂರು. ಇಷ್ಟಕ್ಕೆ ಅಷ್ಟು ಒದ್ದಾಟ ಬೇಕಿತ್ತಾ? ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಆಟ ಬಿಡಿಸಲೇ? ಅಂಗಡಿಯವನು ಮ್ಯಾಟ್ ಶೂ ತಗೊಳ್ಳಿ ಅನ್ನುತ್ತಿದ್ದಾನೆ, ತೆಗೆದುಕೊಡಲೇ?

ನಮಸ್ಕಾರ ಸಾರ್.

ನಿಮ್ಮ ಸಿಟ್ಟು ಮಗಳ ಆಟದ ಮೇಲೆ ತಿರುಗಿದೆ. ಅದು ಆಟ ನಡೆಸುವ ವ್ಯವಸ್ಥೆಯ ಕಡೆ ತಿರುಗಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಪ್ರೌಢಶಾಲೆಗಳ ಕ್ರೀಡಾ ವರ್ಷ ಒಂದು ಏಣಿ. ಕೆಳಗೆ ಹೋಬಳಿ ಅಥವಾ ವಲಯ ಮಟ್ಟ. ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಜಿಲ್ಲೆ ಅಂದರೆ ಇಲ್ಲಿ ಶೈಕ್ಷಣಿಕ ಜಿಲ್ಲೆ, ಅದಕ್ಕೇ ಶಿರಸಿ, ಚಿಕ್ಕೋಡಿ, ಮಧುಗಿರಿ ಬೇರೆ ಬೇರೆಯಾಗಿ ಬರುತ್ತವೆ. ವಿಭಾಗಗಳು ನಾಲ್ಕು: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ರಾಜ್ಯ ತಂಡಕ್ಕೆ ಆಯ್ಕೆಯಾದವರು ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ ನಡೆಸುವ ರಾಷ್ಟ್ರೀಯ ಕೂಟಕ್ಕೆ ಹೋಗುತ್ತಾರೆ. ಮಳೆಗಾಲದಲ್ಲಿ ಹೋಬಳಿಯಿಂದ ಹೊರಟ ಮಗು ಎಲ್ಲ ಮೆಟ್ಟಿಲನ್ನೂ ಹತ್ತಿದರೆ ಚಳಿಗಾಲಕ್ಕೆ ಬೇರೆ ರಾಜ್ಯದ ರೈಲಿನಲ್ಲಿರುತ್ತದೆ. ಕೇಳಲು ಚಂದ.

ಈಗ ಗುಂಪು ಆಟದ ಲೆಕ್ಕ ನೋಡಿ. ಹೋಬಳಿಯಿಂದ ಹದಿನಾರು ಶಾಲೆ ಬಂದವು ಅಂತಿಟ್ಟುಕೊಳ್ಳಿ. ಚೀಟಿ ಎತ್ತುತ್ತಾರೆ, ಸೋತವರು ಹೊರಗೆ. ಒಟ್ಟು ಹದಿನೈದು ಪಂದ್ಯ. ಎಂಟು ಶಾಲೆಗಳಿಗೆ ಸಿಗುವುದು ಒಂದೇ ಪಂದ್ಯ, ಇನ್ನು ನಾಲ್ಕಕ್ಕೆ ಎರಡು. ನಾಲ್ಕು ಪಂದ್ಯ ಆಡುವುದು ಫೈನಲ್ ತಲುಪಿದ ಎರಡು ತಂಡ ಮಾತ್ರ. ಹುಡುಗಿಯರ ಕಬಡ್ಡಿ ಅಂದರೆ ಹದಿನೈದು ನಿಮಿಷದ ಎರಡು ಅವಧಿ, ನಡುವೆ ಐದು ನಿಮಿಷ ಬಿಡುವು. ಅಂದರೆ ಅರ್ಧದಷ್ಟು ಶಾಲೆಗಳ ಇಡೀ ವರ್ಷದ ಸ್ಪರ್ಧಾತ್ಮಕ ಕಬಡ್ಡಿ ಮೂವತ್ತು ನಿಮಿಷ. ಒಂದೇ ದಿನ ಖೊ ಖೊ, ವಾಲಿಬಾಲ್, ಥ್ರೋಬಾಲ್, ಓಟ ಎಲ್ಲ ಮುಗಿಸಬೇಕಿದ್ದರೆ ಆ ಮೂವತ್ತೂ ಪೂರ್ತಿ ಸಿಗುವ ಗ್ಯಾರಂಟಿ ಇಲ್ಲ. ತಂಡದ ಹನ್ನೆರಡು ಮಂದಿಯಲ್ಲಿ ಅಂಕಣಕ್ಕೆ ಇಳಿಯುವುದು ಏಳು. ಉಳಿದ ಐದು ಮಕ್ಕಳು ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಟೆಂಪೊ ಹತ್ತಿ, ಚಿತ್ರಾನ್ನ ತಿಂದು, ಕೂಗಿ ಗಂಟಲು ಕೆಡಿಸಿಕೊಂಡು ವಾಪಸ್ ಬಂದಿರುತ್ತಾರೆ. ತಂಡಕ್ಕೇ ಬಾರದ ಮಕ್ಕಳ ಕಥೆ ಬಿಡಿ.

ಆಟದಿಂದ ಓದು ಹಾಳಾಗುತ್ತದೆ ಅಂತ ಹೆದರುವ ತಂದೆ ತಾಯಂದಿರಿಗೆ ನಾನು ಈ ಲೆಕ್ಕವನ್ನೇ ಹೇಳೋದು. ಹಾಳು ಮಾಡುವಷ್ಟು ಆಟ ಅಲ್ಲಿ ಎಲ್ಲಿದೆ?

ವಸತಿ ಶಾಲೆಯ ತಂಡದ ಬಗ್ಗೆ ನೀವು ಬರೆದ ಮಾತು ಸ್ವಲ್ಪ ಖಾರವಾಗಿದೆ. ಅವರು ಮೋಸ ಮಾಡಿದರು ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಏನೂ ಇಲ್ಲ. ಆ ಮಕ್ಕಳು ಮೈದಾನದ ಪಕ್ಕದಲ್ಲೇ ಮಲಗಿ ಏಳುತ್ತಾರೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆಡಲು ಅವರಿಗೆ ಬಸ್ಸಿನ ಟೈಮ್ ನೋಡಬೇಕಿಲ್ಲ. ನಿಮ್ಮ ಮಗಳು ಸಂಜೆ ಬಸ್ ತಪ್ಪಿದರೆ ಮನೆಗೆ ಬರುವುದು ಹೇಗೆ ಅಂತ ನೋಡುತ್ತಾ ರೈಡ್ ಹೋಗಿರುತ್ತಾಳೆ. ಬೇಸರ ಪಡಬೇಕಾದ್ದು ಮೊದಲ ಸುತ್ತಿನ ಚೀಟಿಯಲ್ಲೇ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಒಬ್ಬರನ್ನು ಹನ್ನೊಂದು ತಿಂಗಳು ಮನೆಗೆ ಕಳಿಸುವ ಪದ್ಧತಿಗೆ. ಸೋತ ತಂಡಕ್ಕಲ್ಲವೇ ಜಾಸ್ತಿ ಪಂದ್ಯ ಬೇಕಾಗಿರುವುದು?

ದೈಹಿಕ ಶಿಕ್ಷಣ ಶಿಕ್ಷಕರನ್ನು ಬೈಯುವ ಮೊದಲೂ ಸ್ವಲ್ಪ ಯೋಚಿಸಿ. ಬೆಳಗಿನ ಪ್ರಾರ್ಥನೆ, ಶಿಸ್ತು, ಆಗಸ್ಟ್ 15ರ ಪಥಸಂಚಲನ, ರಜೆ ಹಾಕಿದ ಮೇಷ್ಟ್ರ ತರಗತಿ, ಎಲ್ಲವೂ ಅವರ ತಲೆಗೇ. ಅವರಿಲ್ಲದ ಶಾಲೆಗಳೂ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ, ಆಟದ ಸಾಮಾನು ಇರಬೇಕು ಅನ್ನುತ್ತದೆ. 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು ಅನ್ನುತ್ತದೆ. ಆದರೆ ಆ ಕಾಯ್ದೆ 8ನೇ ತರಗತಿಗೇ ನಿಂತುಬಿಡುತ್ತದೆ. ನಿಮ್ಮ ಮಗಳು ಈಗ ಅದರಾಚೆ ಇದ್ದಾಳೆ.

ಈ ಮಣ್ಣಿನ ಮೈದಾನಗಳಿಂದ ಯಾರೂ ಮೇಲೆ ಬರುವುದಿಲ್ಲ ಅಂತಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆಯಿತು. ಮಹಿಳೆಯರ ಫೈನಲ್‌ನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಪಡೆದ ಬಿ. ಚೈತ್ರಾ, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಆದರೂ ದಯವಿಟ್ಟು ಮಗಳನ್ನು ಇನ್ನೊಬ್ಬ ಚೈತ್ರಾ ಆಗಲಿ ಅಂತ ಮೈದಾನಕ್ಕೆ ಕಳಿಸಬೇಡಿ. ಸರ್ಟಿಫಿಕೇಟ್ ಆಸೆಗೂ ಬೇಡ. ವೃತ್ತಿಪರ ಕೋರ್ಸ್‌ಗಳಿಗೆ ಕ್ರೀಡಾ ಕೋಟಾ ಇರುವುದು ನಿಜ, ಆದರೆ ಅಲ್ಲಿ ಹೋಬಳಿ, ತಾಲ್ಲೂಕಿನ ಕಾಗದ ನಡೆಯುವುದಿಲ್ಲ. ಆಡಬೇಕು ಅನ್ನಿಸಿದವಳು ಆಡಲಿ, ಅಷ್ಟು ಸಾಕು.

ಇನ್ನು ಎಸ್‌ಎಸ್‌ಎಲ್‌ಸಿ. ಬಿಡಿಸಬೇಡಿ. ಸಾಮಾನ್ಯವಾಗಿ ನಮ್ಮ ಮಕ್ಕಳ ಪರೀಕ್ಷೆಯ ಒಟ್ಟು ಅಂಕಗಳಲ್ಲಿ ಆಟಕ್ಕೆ ಒಂದಂಕವೂ ಇಲ್ಲ, ಗೊತ್ತು. ಆದರೆ ಮುಂದಿನ ವರ್ಷವೂ ಅವಳು 17 ವರ್ಷದೊಳಗಿನವರ ಗುಂಪಿನವಳೇ, ತಂಡದಲ್ಲಿ ಅನುಭವಿಯೂ ಅವಳೇ. ಕಳೆದ ಸಲದಂತೆಯೇ ಸೋತರೂ ಪರೀಕ್ಷೆಗೆ ಆರೇಳು ತಿಂಗಳು ಉಳಿದಿರುತ್ತದೆ. ಗೆದ್ದು ಜಿಲ್ಲೆಗೆ ಹೋದರೆ ಕೆಲವು ದಿನದ ಪಾಠ ತಪ್ಪುತ್ತದೆ, ಗೆಳತಿಯರ ನೋಟ್ಸ್ ನೋಡಿ ಬರೆದುಕೊಳ್ಳಲಿ. ನಿಜವಾಗಿ ಓದು ಕೆಡಿಸುವ ವಸ್ತು ಯಾವ ಮನೆಯಲ್ಲಿ ಎಲ್ಲಿ ಚಾರ್ಜ್‌ಗೆ ಹಾಕಿರುತ್ತದೆ ಅಂತ ನಾನು ಹೇಳಬೇಕಾ?

ನೀವು ಬರೆಯದ ಒಂದು ವಿಷಯವನ್ನೂ ಸೇರಿಸುತ್ತೇನೆ. 10ನೇ ತರಗತಿಗೆ ಬರುವಾಗ ಹುಡುಗಿಯರ ತಂಡಗಳು ಕರಗುವುದಕ್ಕೆ ಪರೀಕ್ಷೆ ಒಂದು ನೆಪ. ಕೂಟ ನಡೆಯುವ ಮೈದಾನದಲ್ಲಿ ಶೌಚಾಲಯ ಇರುವುದಿಲ್ಲ, ಇದ್ದರೂ ಬೀಗ. ಮುಟ್ಟಿನ ದಿನ ಬಂದರೆ ಯಾರಿಗೆ ಹೇಳುವುದು ಗೊತ್ತಿರುವುದಿಲ್ಲ. ಜೊತೆಗೆ ಹೋಗಲು ಮೇಡಂ ಇಲ್ಲ. ಮಗು ಸುಮ್ನೆ ‘ನಂಗೆ ಇಷ್ಟ ಇಲ್ಲ’ ಅಂದುಬಿಡುತ್ತದೆ. ಮನೆಯಲ್ಲಿ ಅವಳ ಅಮ್ಮನಿಗೆ ಒಮ್ಮೆ ಕೇಳಿ ನೋಡಲು ಹೇಳಿ.

ಹಾಗಾದರೆ ಮಾಡುವುದೇನು? ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಮಾತು ಎತ್ತಿ. ಸುತ್ತಮುತ್ತಲಿನ ನಾಲ್ಕು ಪ್ರೌಢಶಾಲೆ ಸೇರಿ ಶನಿವಾರಗಳಲ್ಲಿ ಲೀಗ್ ಆಡಿಸಲಿ. ಶನಿವಾರ ಹೇಗೂ ಬೆಳಗಿನ ಶಾಲೆ, ಮಧ್ಯಾಹ್ನ ಮೈದಾನ ಖಾಲಿ. ನಾಲ್ಕು ತಂಡ ಒಬ್ಬರೊಡನೊಬ್ಬರು ಎರಡೆರಡು ಸಲ ಆಡಿದರೆ ಒಟ್ಟು ಹನ್ನೆರಡು ಪಂದ್ಯ. ಪ್ರತಿ ತಂಡಕ್ಕೂ ಆರು, ಸೋತರೂ ಆರು! ಬೆಂಚಿನ ಐದು ಮಕ್ಕಳಿಗೂ ಸರದಿ ಬರುತ್ತದೆ. ಬೇಕಾಗುವುದು ಸುಣ್ಣದ ಪುಡಿ, ಎರಡು ಸೀಟಿ, ಮಕ್ಕಳನ್ನು ಕರೆದೊಯ್ಯಲು ಒಂದು ಗಾಡಿ. ಗೂಡ್ಸ್ ಆಟೊ ಬೇಡ, ದಯವಿಟ್ಟು ಸರಿಯಾದ ಗಾಡಿ. ಟ್ರೋಫಿ, ಶಾಲು, ಹಾರ, ವೇದಿಕೆ ಯಾವುದೂ ಬೇಡ. ವೇದಿಕೆ ಹಾಕಿದ ಕೂಡಲೇ ಭಾಷಣ ಶುರುವಾಗಿ ಆಟ ಮಧ್ಯಾಹ್ನಕ್ಕೆ ಹೋಗುತ್ತದೆ, ನೋಡಿದ್ದೀರಲ್ಲ. ಮುಖ್ಯ ಶಿಕ್ಷಕರು ಒಪ್ಪದಿದ್ದರೆ ಎರಡೇ ಶಾಲೆಗಳಿಂದ ಶುರುಮಾಡಿ.

ಕೊನೆಗೆ ಮ್ಯಾಟ್ ಶೂ. ಈಗ ಬೇಡ. ಟಿವಿಯಲ್ಲಿ ಪ್ರೊ ಕಬಡ್ಡಿ ಮ್ಯಾಟ್ ಮೇಲೆ ನಡೆಯುವುದರಿಂದ ಅಂಗಡಿಗಳಲ್ಲಿ ಈ ಶೂ ಬಂದಿದೆ. ನಿಮ್ಮ ಹೋಬಳಿಯಲ್ಲಿ ಮಣ್ಣಿನ ಅಂಕಣವಾದರೆ ಬರಿಗಾಲೇ ಸರಿ, ಈ ಶೂ ಅಲ್ಲಿ ಉಪಯೋಗಕ್ಕಿಲ್ಲ. ಮೇಲಿನ ಹಂತಕ್ಕೆ ಹೋಗಿ, ಅಲ್ಲಿ ಮ್ಯಾಟ್ ಹಾಸಿದ್ದಾರೆ ಅಂತ ಗೊತ್ತಾದರೆ ಆಗ ಕೊಳ್ಳಿ. ಆ ದುಡ್ಡಿಗೆ ಒಂದು ಜೊತೆ ಮಂಡಿ ಪಟ್ಟಿ ತೆಗೆದುಕೊಡಿ. ಪಂದ್ಯದ ಹಿಂದಿನ ರಾತ್ರಿ ಉಗುರು ಕತ್ತರಿಸಿಕೊಳ್ಳಲು ನೆನಪಿಸಿ. ಮೈಗೆ ಎಣ್ಣೆ ಹಚ್ಚುವಂತಿಲ್ಲ, ಉಗುರು ಬಿಡುವಂತಿಲ್ಲ, ಎರಡೂ ನಿಯಮದಲ್ಲೇ ಇದೆ. ಅಂಪೈರ್ ನೋಡುತ್ತಾರೆ.

- ಸಂಪಾದಕ