ಅಡಿಗಲ್ಲಿಗೆ ಮಿಲ್ಲಿಂಗ್ ಹೊಡೆಸ್ಬೇಡ ಮಾರಾಯಾ

ತಮಾ, ಕುಮಟೆ ಗುಜರಿಯಲ್ಲಿ ಹಳೇ ಅಡಿಗಲ್ಲು (ಆಚಾರಿಗಳು ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ) ಸಿಕ್ತು, ನೆಡು ಹಳ್ಳ ಬಿದ್ದಿದೆ, ನಾಳೆ ವರ್ಕ್‌ಶಾಪಿಗೆ ಒಯ್ದು ಮಿಲ್ಲಿಂಗ್ ಹೊಡೆಸ್ತೆ, ಮಷಿನ್ನಲ್ಲಿ ಮೇಲ್ಮೈ ಹೆರೆಸಿ ಸಪಾಟು ಮಾಡಿಸ್ತೆ ಹೇಳಿ ಬರ್ದಿದ್ದೀಯಲ್ಲ, ಅದೊಂದು ಮಾಡಬೇಡ. ಫೋಟೋ ನೋಡಿ ಹೊಟ್ಟೆ ಚುರುಕ್ ಅಂತು.

ನಾನು ಅದೇ ಮಾಡಿ ಕಳ್ಕಂಡವ. ಶಿರಸಿ ಬದಿಯ ಆಚಾರಿಯೊಬ್ರು ಕಮ್ಮಾರಸಾಲೆ ಮುಚ್ಚುವಾಗ ತಂದದ್ದು, ಬದಿಯಲ್ಲಿ ಇಂಗ್ಲೆಂಡಿನ ಹಳೇ ಕಂಪನಿ ಪೀಟರ್ ರೈಟ್ ಅಚ್ಚು ಬೇರೆ, ಮೇಲ್ಮೈ ಕನ್ನಡಿ ಹಂಗೆ ಆಗ್ಬೇಕು ಹೇಳುವ ಮಳ್ಳು ನಂಗೆ. ಆ ಕಾಲದ್ದು ಇಡೀ ಉಕ್ಕಲ್ಲ, ಒಡಲು ಮೆದು ಕಬ್ಬಿಣ, ಮೇಲೆ ಅರ್ಧ ಇಂಚು ಆಸುಪಾಸು ಉಕ್ಕಿನ ಪಟ್ಟಿ ಕಾಸಿ ಬೆಸೆದು ಹದ ಹಾಕಿದ್ದು. ಹಳ್ಳ ಬಿದ್ದದ್ದು ಬರೀ ಸವೆದು ಅಲ್ಲ, ಅಡಿಯ ಕಬ್ಬಿಣ ಕೂತು ಉಕ್ಕೂ ಅದರ ಸಂಗಡ ತಗ್ಗಿರ್ತದೆ, ಸಪಾಟು ಮಾಡೂಕೆ ಹೋದ್ರೆ ಎರಡೂ ತುದಿಯ ಉಕ್ಕೇ ಹಾರಿ ಹೋಗ್ತದೆ. ನನ್ನದು ಹಂಗೇ ಆಯ್ತು. ನಾಲ್ಕು ಮಿಲಿಮೀಟರ್ ತೆಗೆಸಿ ಮನೆಗೆ ತಂದು ಪಿಕಾಸಿ ತಟ್ಟೂಕೆ ಕೂತೆ, ಹಿಂದಿನ ತುದಿಯಲ್ಲಿ ಪ್ರತಿ ಪೆಟ್ಟಿಗೂ ಗುಳಿ. ಕೊಟ್ಟ ದುಡ್ಡು ಹೋದ್ರೂ ಅಡ್ಡಿಲ್ಲ, ಆ ನಾದ ಹೋಯ್ತಲ್ಲ.

ಮೊದ್ಲು ಒಂದು ಇಂಚಿನ ಬೇರಿಂಗ್ ಗುಂಡು ತಗಂಡು 10 ಇಂಚು ಮೇಲಿಂದ ಬಿಡು, ಪಕ್ಕ ಸ್ಕೇಲ್ ನಿಲ್ಸು. ತಿರುಗಿ 8 ಇಂಚು ಮೇಲೆ ಹಾರಿದ್ರೆ ಚಿನ್ನ. ನೆಡು, ತುದಿ ಎಲ್ಲಾ ಕಡೆ ನೋಡು, ಒಂದು ಕಡೆ ಮಾತ್ರ ಗುಂಡು ಹಾರದೇ ಸತ್ರೆ ಅಲ್ಲಿ ಪಟ್ಟಿ ಬಿಟ್ಟಿರಬಹುದು. ಸುತ್ತಿಗೆಯಿಂದ ಬಡಿದು ನೋಡೂದೂ ಸರಿ, ಆದ್ರೆ ಅಮೆರಿಕದ ಫಿಶರ್ ಕಂಪನಿಯ ಅಡಿಗಲ್ಲು ಬೀಡು ಕಬ್ಬಿಣದ ಒಡಲಿನದ್ದು, ಒಳ್ಳೇದಿದ್ರೂ ಠಣ್ ಅನ್ನೂದಿಲ್ಲ, ಶಬ್ದ ಇಲ್ಲ ಹೇಳಿ ಎಸಿಬೇಡ. ಈಗ ಆನ್‌ಲೈನಲ್ಲಿ ಬರುವ ಪೂರ್ತಿ ಬೀಡಿನದ್ದು ಮಾತ್ರ ಬಾಗಿಲಿಗೆ ಅಡ್ಡ ಇಡೂಕೆ ಲಾಯ್ಕ.

ಮತ್ತೆ ನಿನ್ನ ಫೋಟೋದಲ್ಲಿ 1 1 20 ಅಂತ ಇದೆಯಲ್ಲ, ಗುಜರಿಯವ ಅದು 112 ಕೆಜಿ ಹೇಳಿದ್ರೆ ನಂಬಿದ್ಯಾ? ಇಂಗ್ಲೆಂಡಿನ ಹಳೇ ಲೆಕ್ಕ ಅದು, ಮೊದಲ್ನೇ ಅಂಕೆಗೆ 112 ಪೌಂಡ್, ಎರಡನೇದಕ್ಕೆ 28, ಕೊನೇದು ಬಿಡಿ ಪೌಂಡ್. ಒಟ್ಟು 160, ಅಂದ್ರೆ 73 ಕೆಜಿ ಒಳಗೆ. ತೂಕದ ಮೇಲೆ ದುಡ್ಡು ಕೊಟ್ಟಿದ್ರೆ ಹೋಗಿ ಕೇಳು!

ಅಂಚು ಉದುರಿದ್ದಕ್ಕೆ ವೆಲ್ಡಿಂಗ್ ಬೇಡ, ಸರಿಯಾಗಿ ಕಾಸದೇ ಹಚ್ಚಿದ್ರೆ ಪಕ್ಕದಲ್ಲೇ ಬಿರುಕು. ಅರದಲ್ಲಿ ಸ್ವಲ್ಪ ಗುಂಡಗೆ ಮಾಡು ಸಾಕು. ಸಣ್ಣ ಹಳ್ಳ ಇದ್ರೆ ಕತ್ತಿ ನೆಟ್ಟಗೆ ಮಾಡೂಕೆ ಅದೇ ಅನುಕೂಲ, ನಮ್ಮ ಆಚಾರಿಗಳ ಕೊಂಬಿಲ್ಲದ ಚೌಕ ಅಡಿಗಲ್ಲು ನೋಡು, ಎಷ್ಟು ತಗ್ಗಿದ್ರೂ ಅದರಲ್ಲೇ ಮೆಟ್ಟುಗತ್ತಿ ಆಗ್ತಿತ್ತು. ಇನ್ನು ಕೆಲವ್ರು ಕೆಂಪು ಪೇಂಟ್ ಬಳಿದು ಹೋಮ್‌ಸ್ಟೇ ಗೇಟಲ್ಲಿ ಇಡ್ತಾರೆ, ಅವ್ರಿಗೆ ಎಂತ ಹೇಳೂದು.

ಕೆಳಗೆ ಕಾಮೆಂಟಲ್ಲಿ ಒಬ್ರು ಅಡಿಗಲ್ಲಿನ ಬದ್ಲು ರೈಲ್ವೆ ಪಟ್ಟಿ ತುಂಡು ತಗಳಿ ಅಂದಿದ್ದಾರೆ. ನೆಟ್ಟಗೆ ನಿಲ್ಸಿದ್ರೆ ಕೆಲ್ಸ ಆಗ್ತದೆ, ಮಲಗಿಸಿದ್ರೆ ಸ್ಪ್ರಿಂಗ್ ಹಂಗೆ ಕುಣಿತದೆ. ಆದ್ರೆ ಬಿಲ್ ಇಲ್ದೇ ತರಬೇಡ, ರೈಲ್ವೆ ಮಾಲು ಕಳ್ಳತನದ್ದಾದ್ರೆ ಇಟ್ಕಂಡವನ ಮೇಲೂ ಕೇಸು, 1966ರ ಕಾಯ್ದೆಯೇ ಇದೆ.

ಕಾರವಾರದ ಉಪ್ಪುಗಾಳಿಗೆ ಎಣ್ಣೆ ಬಟ್ಟೆ ಒರೆಸ್ತಾ ಇರು. ಮತ್ತಿ ಕೊರಡಿನ ಮೇಲೆ ಕೂರ್ಸು, ನಿಂತು ಕೈ ಇಳಿಬಿಟ್ರೆ ಮುಷ್ಟಿಯ ಗೆಣ್ಣು ತಾಗುವಷ್ಟು ಎತ್ತರ. ಅಡಿಗಲ್ಲಿನ ಸೊಂಟಕ್ಕೆ ಚೈನ್ ಸುತ್ತಿದ್ರೆ ಶಬ್ದ ತಗ್ತದೆ, ಪಕ್ಕದ ಮನೆಯವ್ರು ಬಯ್ಯೂದಿಲ್ಲ.

ಈಗ್ಲೇ ವರ್ಕ್‌ಶಾಪಿಗೆ ಫೋನ್ ಮಾಡಿ ಬೇಡ ಅನ್ನು, ಆಮೇಲೆ ಗುಂಡು ಎಷ್ಟು ಹಾರ್ತು ಇಲ್ಲೇ ಹಾಕು.