ಹೆಬ್ಬೆಟ್ಟು ತಗೊಳ್ಳದ ಮೆಷಿನ್ನು

ಪ್ರಶ್ನೆ: ನನ್ ತಮ್ಮ ಒಂದು ಕೇಸಲ್ಲಿ ಏಳು ತಿಂಗಳು ಜೈಲಲ್ಲಿದ್ದು ಈಗ ಜಾಮೀನಲ್ಲಿ ಬಂದಿದಾನೆ. ಅಲ್ಲಿ ಗೋಡೆಗೆ ಟಚ್‌ಸ್ಕ್ರೀನ್ ಮೆಷಿನ್ ಹಾಕಿದ್ರಂತೆ, ಹೆಬ್ಬೆಟ್ಟು ಒತ್ತಿದ್ರೆ ಕೋರ್ಟ್ ಡೇಟು, ಕ್ಯಾಂಟೀನ್ ದುಡ್ಡು ಎಲ್ಲಾ ಬರುತ್ತಂತೆ. ಇವನ ಬೆರಳನ್ನ ಅದು ಒಂದಿನಾನೂ ತಗೊಂಡಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪು ತನ್ನದೇ ಅಂತ ಸುಮ್ನಿದ್ನಂತೆ. ನಮ್ ಕೇರಿ ಹುಡುಗ ಇನ್ನೊಬ್ಬ ಒಳಗೇ ಇದಾನೆ, ಅವನಿಗೆ ಏನು ಹೇಳೋಣ?
- ಓದುಗರು, ತೀರ್ಥಹಳ್ಳಿ ಕಡೆಯಿಂದ

ಉತ್ತರ: ತಪ್ಪು ನಿಮ್ ತಮ್ಮಂದಲ್ಲ ಅಕ್ಕಾ. ವರ್ಷಾನುಗಟ್ಲೆ ಅಡಿಕೆ ಸುಲಿದ ಕೈ ಅಲ್ವಾ, ಗೆರೆ ಸವೆದು ಚೊಗರು ಹಿಡಿದಿರುತ್ತೆ, ನ್ಯಾಯಬೆಲೆ ಅಂಗಡೀಲೂ ಇದೇ ಗೋಳು ನೀವು ನೋಡಿರ್ತೀರಿ. ಆದ್ರೆ ಅಂಗಡೀಲಿ ಥಂಬ್ ಬರ್ಲಿಲ್ಲ ಅಂದ್ರೆ ಮೊಬೈಲ್‌ಗೆ ಓಟಿಪಿ ಕಳ್ಸಿ ಹೆಂಗೋ ಮಾಡ್ತಾರೆ, ಒಳಗಿರೋನ ಹತ್ರ ಮೊಬೈಲೇ ಇರಲ್ವಲ್ಲ! ಹೊರಗಿನ ಜನಕ್ಕೆ ಮಾಡಿದ್ದನ್ನ ಹಂಗೇ ತಗೊಂಡೋಗಿ ಒಳಗೆ ನಿಲ್ಸಿದ್ರೆ ಹಿಂಗೇ ಆಗೋದು.

ನನಗೆ ಇದಕ್ಕಿಂತ ಬೇಜಾರಾಗೋದು ಇನ್ನೊಂದು ವಿಷ್ಯ. ಓದಕ್ಕೆ ಬರದವನು ಏನ್ಮಾಡ್ತಾನೆ, ಪಕ್ಕದವನನ್ನ ಕರೀತಾನೆ, ಅವನು ಒತ್ತಿ ಕೊಡ್ತಾನೆ, ಆಗ ಖಾತೇಲಿ ಎಷ್ಟು ದುಡ್ಡಿದೆ, ಕೇಸು ಯಾವ್ದು, ಮುಂದಿನ ಡೇಟ್ ಯಾವಾಗ ಅನ್ನೋದೆಲ್ಲಾ ಅವನಿಗೂ ಗೊತ್ತಾಯ್ತು. ನಾಳೆ ಅವನೇ ಬಂದು ಬೀಡಿಗೆ ಸಾಲ ಕೇಳಿದ್ರೆ ಇಲ್ಲ ಅನ್ನೋದು ಹೆಂಗೆ? ಮೆಷಿನ್ ಕನ್ನಡದಲ್ಲಿ ಬಾಯ್ಬಿಟ್ಟು ಓದಿ ಹೇಳ್ಬೇಕು, ಅದೂ ಕಿವಿಗೆ ಹಿಡ್ಕೊಳ್ಳೋ ರಿಸೀವರ್‌ನಲ್ಲಿ, ಸ್ಪೀಕರ್‌ನಲ್ಲಿ ಅಲ್ಲ. ಬೆಲ್ಜಿಯಂನ ಬೆವೆರನ್ ಜೈಲಲ್ಲಿ 2014ರಿಂದ ಸೆಲ್ಲಿನ ಒಳಗೇ ಒಬ್ಬೊಬ್ರಿಗೆ ಸ್ಕ್ರೀನ್ ಇದೆ, ಕ್ಯಾಂಟೀನ್ ಆರ್ಡರು, ಫೋನು ಅಲ್ಲಿಂದ್ಲೇ. ಹಿಂದೆ ಕ್ಯೂ ಇಲ್ಲ, ಇಣುಕೋರೂ ಇಲ್ಲ. ನಮ್ಮಲ್ಲಿ ಒಂದು ಬ್ಯಾರಕ್ಕಲ್ಲಿ ಅಷ್ಟು ಜನ ಮಲಗ್ತಾರೆ, ಅದನ್ನ ಈಗ್ಲೇ ಕೇಳೋದು ಜಾಸ್ತಿಯಾಯ್ತು ಬಿಡಿ.

ಒಳಗಿರೋ ಹುಡುಗನಿಗೆ ಹೇಳಿ, ಬರೀ ಹೆಬ್ಬೆಟ್ಟಲ್ಲ, ಕಿರುಬೆರಳು ಉಂಗುರದ ಬೆರಳು ಸೇರ್ಸಿ ಮತ್ತೆ ಎನ್‌ರೋಲ್ ಮಾಡಿ ಅಂತ ಕೇಳ್ಲಿ, ಅವು ಅಷ್ಟು ಸವೆದಿರಲ್ಲ. ಅದೂ ಆಗ್ಲಿಲ್ಲ ಅಂದ್ರೆ ಸೂಪರಿಂಟೆಂಡೆಂಟ್‌ಗೆ ಒಂದು ಅರ್ಜಿ, ಮೆಷಿನ್ ನನ್ನ ಬೆರಳು ತಗೊಳ್ತಿಲ್ಲ, ಡೇಟು ಮತ್ತೆ ಬ್ಯಾಲೆನ್ಸು ಚೀಟೀಲಿ ಬರೆದು ಕೊಡಿ ಅಂತ. ಅರ್ಜಿ ಬರೆಯೋಕೂ ಬರಲ್ವಾ, ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ಹೇಳ್ಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕಸ್ಟಡೀಲಿರೋನಿಗೆ ವಕೀಲರ ನೆರವು ಫ್ರೀ. ಹೊರಗಿನಿಂದ ನೀವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದ್ರೂ ನಡೆಯುತ್ತೆ.

ಆ ಹುಡುಗನ ಮನೆಯೋರು ಭೇಟಿಗೆ ಅಂತ ಪ್ರತಿ ಸಲ ಬಸ್ಸು ಹತ್ಬೇಕಾಗಿಲ್ಲ, ಇ-ಮುಲಾಖಾತ್ ಅಂತ ಇದೆ, ವೆಬ್‌ಸೈಟಲ್ಲಿ ಹೆಸರು ಹಾಕಿ ಜೈಲಿನೋರು ಒಪ್ಪಿದ್ರೆ ವಿಡಿಯೋದಲ್ಲೇ ಮಾತಾಡ್ಬಹುದು. ಮಳೆಗಾಲ ನೋಡಿ, ನಿಮ್ ಕಡೆ ಕರೆಂಟ್ ಹೋದ ಕೂಡ್ಲೇ ಟವರೂ ಹೋಗುತ್ತೆ, ಹಾಗಾಗಿ ಆ ದಿನ ಬೆಳಿಗ್ಗೆನೇ ಪೇಟೆಗೆ ಬಂದು ನೆಂಟ್ರ ಮನೇಲಿ ಕೂತ್ಕೊಳ್ಳೋಕೆ ಹೇಳಿ.