ಸಂಪಾದಕರ ಉತ್ತರ: ‘ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ’

ಚನ್ನರಾಯಪಟ್ಟಣ ತಾಲ್ಲೂಕಿನ ಹೈಸ್ಕೂಲೊಂದರ ವಿಜ್ಞಾನ ಶಿಕ್ಷಕಿ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ.

“ಒಂಬತ್ತನೇ ಕ್ಲಾಸಿನಲ್ಲಿ ಬಿಗ್ ಬ್ಯಾಂಗ್ ಬಗ್ಗೆ ಹೇಳುತ್ತಿದ್ದೆ. ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, ‘ಮಿಸ್, ಇದನ್ನೆಲ್ಲ ಯಾರೂ ಮಾಡಿಲ್ಲ ಅಂದ್ರೆ ನಾವು ಯಾಕಿದ್ದೀವಿ?’ ಅಂದಳು. ‘ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ’ ಅಂದುಬಿಟ್ಟೆ. ನಾನು ದಿನಾ ದೇವರಿಗೆ ದೀಪ ಹಚ್ಚುವವಳು. ಸೃಷ್ಟಿ ಮಾಡಿದವನೇ ಇಲ್ಲದಿದ್ದರೆ ಬದುಕಿಗೆ ಅರ್ಥ ಎಲ್ಲಿಂದ ಬರಬೇಕು? ಅವಳಿಗೆ ಏನು ಹೇಳಲಿ?”

ಮೇಡಂ,

ಕೂತ್ಕೋ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮೇಷ್ಟ್ರೂ ನನಗೆ ಹಾಗೇ ಅಂದಿದ್ದರು. ಅವರ ಕೈಯಲ್ಲಿ ಬೆತ್ತವೂ ಇತ್ತು.

ದೇವರಿದ್ದಾನೋ ಇಲ್ಲವೋ ಅನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ನಿಮ್ಮ ದೀಪ ಉರಿಯುತ್ತಿರಲಿ. ನನ್ನ ತಕರಾರು ಒಂದೇ ಮಾತಿನ ಮೇಲೆ: ಮಾಡಿದವನಿಲ್ಲದಿದ್ದರೆ ಅರ್ಥವೂ ಇಲ್ಲ ಅನ್ನುತ್ತೀರಲ್ಲ, ಅದರ ಮೇಲೆ.

‘ಹಾಲು’ ಅನ್ನುವ ಪದಕ್ಕೆ ಅರ್ಥ ಇದೆ ಅಲ್ವಾ? ಆ ಅರ್ಥ ಕೊಟ್ಟವರು ಯಾರು? ಕನ್ನಡವನ್ನು ಯಾರೋ ಒಬ್ಬರು ಕೂತು ಮಾಡಲಿಲ್ಲ. ನಿಮ್ಮ ಜಿಲ್ಲೆಯ ಹಲ್ಮಿಡಿಯ ಶಾಸನ ಕ್ರಿ.ಶ. 450ರ ಆಸುಪಾಸಿನದು ಅನ್ನುತ್ತಾರೆ. ಅದನ್ನು ಕೆತ್ತುವ ಹೊತ್ತಿಗಾಗಲೇ ಎಷ್ಟೋ ತಲೆಮಾರಿನ ಜನ ಕನ್ನಡ ಆಡಿ, ಜಗಳವಾಡಿ, ಮಕ್ಕಳನ್ನು ಮಲಗಿಸಿ ಹೋಗಿದ್ದರು. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಆದರೂ ಮಗು ‘ಹಾಲು’ ಅಂದರೆ ಅಡುಗೆಮನೆಯಿಂದ ಲೋಟ ಬರುತ್ತದೆ.

ಹಾಗಂತ ನಾಳೆಯಿಂದ ಮಜ್ಜಿಗೆಗೇ ಹಾಲು ಅನ್ನುತ್ತೇನೆ ಅಂತ ನಾನು ಹಟ ಹಿಡಿದರೆ ನಡೆಯುತ್ತದಾ? ಕಾಫಿ ಕೆಡುತ್ತದೆ, ಅಷ್ಟೇ. ಅಂದರೆ ಅರ್ಥವನ್ನು ಮೇಲಿನಿಂದ ಯಾರೂ ಕೊಡಲಿಲ್ಲ, ಆದರೆ ಅದು ನನ್ನ ಮನಸ್ಸಿಗೆ ಬಂದಂತೆ ಕುಣಿಯುವುದೂ ಇಲ್ಲ. ದೇವರಿಲ್ಲ ಅಂದಮೇಲೆ ಯಾರು ಏನು ಬೇಕಾದರೂ ಮಾಡಬಹುದು ಅಂತ ಹೆದರುವವರು ಇದನ್ನು ಗಮನಿಸುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಬದುಕಿನ ಅರ್ಥವೂ ಹೀಗೇ ನಾಲ್ಕು ಜನರ ನಡುವೆ ಹುಟ್ಟುತ್ತದೆ. ನೀವು ಒಂದು ದಿನ ಶಾಲೆಗೆ ಹೋಗದಿದ್ದರೆ ಮಕ್ಕಳು ‘ಮಿಸ್ ಯಾಕೆ ಬಂದಿಲ್ಲ?’ ಅನ್ನುತ್ತಾರೆ. (ಕೆಲವರು ಖುಷಿಯಿಂದಲೇ ಅನ್ನಬಹುದು, ಇರಲಿ.) ಇನ್ನು ಇಡೀ ವಿಶ್ವದ ಅರ್ಥವೇನು ಅಂದರೆ, ಆ ಪ್ರಶ್ನೆಯ ಮೇಲೆಯೇ ನನಗೆ ಅನುಮಾನ. ‘ಹಾಲು’ ಅಂದರೇನು ಅಂತ ಕೇಳಬಹುದು. ಇಡೀ ಕನ್ನಡ ಅಂದರೆ ಅರ್ಥ ಏನು ಅಂತ ಕೇಳಿದರೆ ಏನು ಹೇಳುತ್ತೀರಿ?

ಇದು ಹೊಸ ಕಾಲದ ಹುಚ್ಚು ಅಂದುಕೊಳ್ಳಬೇಡಿ. ನಿಮ್ಮ ತಾಲ್ಲೂಕಿನಲ್ಲೇ ಶ್ರವಣಬೆಳಗೊಳ ಇದೆ. ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ ಆ 58 ಅಡಿಯ ಬಾಹುಬಲಿ ಲೋಕ ಮಾಡಿದವನಲ್ಲ, ಗೆದ್ದ ರಾಜ್ಯ ಬಿಟ್ಟು ಹೋದವನು. ಜೈನರ ಪ್ರಕಾರ ಲೋಕಕ್ಕೆ ಮೊದಲಿಲ್ಲ, ಕೊನೆಯಿಲ್ಲ, ಮಾಡಿದವನೂ ಇಲ್ಲ. ಒಂಬತ್ತನೇ ಶತಮಾನದ ಜಿನಸೇನಾಚಾರ್ಯರು ಇದನ್ನೇ ಹಿಡಿದು ವಾದ ಮಾಡಿದ್ದರು. ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೆ ಗುರುಗಳಾಗಿದ್ದವರು ಅವರು. ನಮ್ಮ ಪಂಪನಿಗೆ ಆದಿನಾಥನ ಕಥೆ ಸಿಕ್ಕಿದ್ದೂ ಅವರಿಂದಲೇ. ಲೋಕವನ್ನು ಮಾಡುವ ಮೊದಲು ಆ ದೇವರು ಎಲ್ಲಿದ್ದ, ಸಾಮಾನು ಎಲ್ಲಿಂದ ತಂದ ಅಂತ ಅವರು ಕೇಳುತ್ತಾರೆ. ಅವನಿಗೆ ಏನೂ ಕೊರತೆಯಿಲ್ಲ ಅಂದರೆ ಮಾಡಬೇಕು ಅನ್ನುವ ಆಸೆ ಯಾಕೆ ಬಂತು? ಕೊರತೆ ಇದೆ ಅಂದರೆ, ಕುಂಬಾರನ ಕೈಲಾಗದ ಕೆಲಸ ಅವನ ಕೈಲಿ ಹೇಗಾದೀತು?

ಸರಿ, ಹೀಗೆ ಕೇಳಿದವರಿಗೆ ಬದುಕು ಹಗುರವಾಯಿತಾ? ತದ್ವಿರುದ್ಧ. ನೆಲದ ಮೇಲಿನ ಇರುವೆಗೂ ಲೆಕ್ಕ ಬಂತು. ಮುನಿಗಳು ಕೂರುವ ಮುಂಚೆ ನವಿಲುಗರಿಯ ಪಿಂಛಿಯಿಂದ ನೆಲ ಸವರುತ್ತಾರೆ. ಮನೆಗಳಲ್ಲಿ ನೀರು ಸೋಸಿ ಕುಡಿಯುತ್ತಾರೆ, ಕತ್ತಲಾದಮೇಲೆ ಉಣ್ಣುವುದಿಲ್ಲ. ನನ್ನ ಕೈಲಿ ಆಗದ ಕೆಲಸ, ಒಪ್ಪುತ್ತೇನೆ.

ನಿಮ್ಮ ಹಾಗೇ ವಿಜ್ಞಾನ ಪಾಠ ಮಾಡುತ್ತಿದ್ದ ಇನ್ನೊಬ್ಬರ ವಿಷಯ ಹೇಳಲೇಬೇಕು. ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್. ಸಸ್ಯಶಾಸ್ತ್ರದ ಮೇಷ್ಟ್ರು. ದೇವರಿಲ್ಲ ಅಂದದ್ದಕ್ಕೆ ಕೆಲಸ ಕಳೆದುಕೊಂಡು, 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದರು. ಎಲ್ಲ ಜಾತಿಯವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿದರು. ಮಗಳ ಮದುವೆಯನ್ನು ದಲಿತ ಯುವಕನ ಜೊತೆ ನಿಶ್ಚಯ ಮಾಡಿದರು. ರಾಮನಾಮ ಬಿಡದ ಗಾಂಧಿಯವರೇ ಆ ಮದುವೆ ಸೇವಾಗ್ರಾಮದಲ್ಲಿ ನಡೆಯಲಿ ಅಂದರು, ದೇವರ ಹೆಸರಿನ ಬದಲು ಸತ್ಯದ ಹೆಸರಲ್ಲಿ ಪ್ರಮಾಣ ಮಾಡಲಿ ಅಂದರು. ಜನವರಿಯಲ್ಲಿ ಗಾಂಧಿಯವರ ಕೊಲೆಯಾಯಿತು. ಮದುವೆ 1948ರ ಮಾರ್ಚ್‌ನಲ್ಲಿ ಅಲ್ಲೇ ನಡೆಯಿತು.

ಒಂದು ಕಡೆ ಮಾತ್ರ ನಿಮ್ಮ ಪಕ್ಷವೇ ಗಟ್ಟಿ. ಎಳೆ ಮಗು ಹೋದ ಮನೆಯಲ್ಲಿ ‘ದೇವರು ಕರೆದುಕೊಂಡ’ ಅನ್ನುವವರ ಹತ್ತಿರ ಹೇಳಲು ಒಂದು ಮಾತಾದರೂ ಇರುತ್ತದೆ. ನನ್ನ ಹತ್ತಿರ ಇಲ್ಲ. ಅಂಥ ಮನೆಗೆ ಹೋದಾಗ ಜಗಲಿ ಮೇಲೆ ಸುಮ್ನೆ ಕೂತಿದ್ದೇನೆ. ಒಲೆ ಹಚ್ಚದ ಮನೆಗೆ ನಮ್ಮ ಮನೆಯಿಂದ ಅನ್ನ ಸಾರು ಕಳಿಸಿದ್ದೇನೆ. ಅಷ್ಟು ಸಾಕಾಗುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ.

ಆ ಹುಡುಗಿಗೆ ನನ್ನ ಉತ್ತರವನ್ನೇ ಒಪ್ಪಿಸಬೇಡಿ. ಶಾಲೆಯ ಪ್ರವಾಸಕ್ಕೆ ಬೆಳಗೊಳಕ್ಕೆ ಕರೆದುಕೊಂಡು ಹೋಗಿ. ಬಿಸಿಲೇರುವ ಮುಂಚೆಯೇ ಹತ್ತಿಸಿ, ಆಮೇಲೆ ಬರಿಗಾಲಿಗೆ ಕಲ್ಲು ಸುಡುತ್ತದೆ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಮೇಲೆ ಹೋದಮೇಲೆ ಆ ಪ್ರಶ್ನೆ ಇನ್ನೊಂದು ಸಲ ಕೇಳಮ್ಮಾ ಅನ್ನಿ. ಈ ಸಲ ‘ಕೂತ್ಕೋ’ ಅಂದರೂ ಪರವಾಗಿಲ್ಲ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಅವಳು ಏನಂದಳು ಅಂತ ನನಗೊಂದು ಕಾರ್ಡು ಹಾಕಿ.

— ಸಂಪಾದಕ